ಮನಿ ಖಾಲಿ ಅದ, ಬಾಡಿಗಿಗಿಲ್ಲ

ಸಂಜೆ ಐದು ಗಂಟೆಯ ನಂತರ ಆಳಂದದ ಬಸ್ ನಿಲ್ದಾಣದಲ್ಲಿ ನಿಂತರೆ ಊರಿನ ಅರ್ಧ ಸರ್ಕಾರವೇ ಕಲಬುರಗಿ ಬಸ್ಸು ಹತ್ತುತ್ತಿರುವಂತೆ ಕಾಣುತ್ತದೆ. ಹೈಸ್ಕೂಲಿನ ಟೀಚರು, ತಹಶೀಲ್ ಕಚೇರಿಯ ಗುಮಾಸ್ತರು, ದವಾಖಾನೆಯ ನರ್ಸು, ಬ್ಯಾಂಕಿನ ಕ್ಯಾಷಿಯರು. ಜೇವರ್ಗಿಯಲ್ಲೂ ಇದೇ ನೋಟ, ಅಫಜಲಪುರದಲ್ಲೂ ಇದೇ. ಈ ಸೀಮೆಯಲ್ಲಿ ಇದಕ್ಕೆ ‘ಅಪ್-ಡೌನ್ ಮಾಡೋದು’ ಎನ್ನುತ್ತಾರೆ. ಆಳಂದ, ಜೇವರ್ಗಿ ಎರಡೂ ಜಿಲ್ಲಾ ಕೇಂದ್ರದಿಂದ ನಲವತ್ತು ಕಿಲೋಮೀಟರಿನ ಆಸುಪಾಸು. ಅಫಜಲಪುರ ಇನ್ನೂ ದೂರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಉಳಿದಿಲ್ಲ. ನೌಕರರು ಕೇಂದ್ರಸ್ಥಾನದಲ್ಲೇ ವಾಸವಿರಬೇಕು ಎಂದು ಅಧಿಕಾರಿಗಳ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಗಳಲ್ಲಿ ತಾಕೀತು ಮಾಡುತ್ತಲೇ ಇರುತ್ತಾರೆ. ವಾಸ ಮಾಡುವುದಕ್ಕೆ ಮನೆ ಎಲ್ಲಿದೆ ಎಂದು ಅದೇ ಸಭೆಯಲ್ಲಿ ಯಾರಾದರೂ ಕೇಳಬೇಕು.

ಹಾಗಂತ ಮನೆಗಳೇ ಇಲ್ಲವೆಂದಲ್ಲ. ಈ ಮೂರು ಊರುಗಳ ಯಾವುದೇ ಹಳೆಯ ಓಣಿಯಲ್ಲಿ ನಡೆದು ನೋಡಿ: ಪರಸಿ ಕಲ್ಲಿನ ಕಟ್ಟೆ, ಮೇಲೆ ದೊಡ್ಡ ಬಾಗಿಲು, ಬಾಗಿಲಿಗೆ ಬೀಗ. ಮನೆಯವರು ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ವರ್ಷಗಳಾಗಿರುತ್ತವೆ. ಜಾತ್ರೆಗೆ ಬಂದು ನಾಲ್ಕು ದಿನ ಕಸ ಹೊಡೆದು ದೀಪ ಹಚ್ಚಿ ಹೋಗುತ್ತಾರೆ. ಪಕ್ಕದ ಮನೆಯವರನ್ನು ವಿಚಾರಿಸಿದರೆ ಉತ್ತರ ಸಿದ್ಧವಾಗಿರುತ್ತದೆ: “ಮನಿ ಖಾಲಿ ಅದರಿ, ಆದ್ರ ಬಾಡಿಗಿ ಕೊಡಂಗಿಲ್ರಿ.” ಇದು ಇಲ್ಲಿನ ಖಯಾಲಿ ಮಾತ್ರವಲ್ಲ. 2011ರ ಜನಗಣತಿಯಲ್ಲಿ ದೇಶದ ನಗರ, ಪಟ್ಟಣಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳ ಲೆಕ್ಕ ಒಂದು ಕೋಟಿ ಹತ್ತು ಲಕ್ಷ ಮುಟ್ಟಿತ್ತು. ಮನೆಯಿಲ್ಲದವರೂ ಜನರಿಲ್ಲದ ಮನೆಗಳೂ ಒಂದೇ ಓಣಿಯಲ್ಲಿರುವುದು ನಮ್ಮ ವಸತಿ ಸಮಸ್ಯೆಯ ನಿಜವಾದ ಮುಖ.

ಮಾಲಕರು ಯಾಕೆ ಕೊಡುವುದಿಲ್ಲ? “ಕೊಟ್ರ ಬಿಡಸೋದು ಯಾರು?” ಎಂಬ ಒಂದೇ ಪ್ರಶ್ನೆಯಲ್ಲಿ ಅವರ ವಾದ ಮುಗಿಯುತ್ತದೆ. ಈ ಹೆದರಿಕೆಗೆ ಚರಿತ್ರೆಯಿದೆ. ನಿಜಾಮರ ಸಂಸ್ಥಾನ ಹೋಗಿ ಹೈದರಾಬಾದ್ ರಾಜ್ಯವಾದ ಮೇಲೆ 1954ರಲ್ಲಿ ಮನೆ ಬಾಡಿಗೆ, ತೆರವು ಮತ್ತು ಗುತ್ತಿಗೆಯನ್ನು ಹದ್ದುಬಸ್ತಿನಲ್ಲಿಡುವ ಕಾಯ್ದೆ ಬಂತು. 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮುಂದೆ ಇಡೀ ರಾಜ್ಯಕ್ಕೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದು ಅನ್ವಯವಾದ ಊರುಗಳಲ್ಲಿ ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ, ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿರಲಿಲ್ಲ. ನಲವತ್ತು ವರ್ಷ ಅದೇ ನಡೆಯಿತು. ಅಪ್ಪ ಕೊಟ್ಟ ಬಾಡಿಗೆಯನ್ನೇ ಮಗ ಕೊಡುತ್ತ ಕುಳಿತ ಮನೆಗಳ ಕತೆ ಪ್ರತಿ ಊರಿನಲ್ಲೂ ಒಂದೆರಡು ಸಿಗುತ್ತವೆ.

ಆದರೆ ಈ ಭಾಗದ ಹೆದರಿಕೆ ಮನೆಯಿಂದ ಹುಟ್ಟಿದ್ದಲ್ಲ, ಹೊಲದಿಂದ ಹುಟ್ಟಿದ್ದು ಎಂಬುದು ನನ್ನ ಅಂದಾಜು. 1949ರಲ್ಲಿ ಜಹಗೀರುಗಳು ರದ್ದಾದವು, 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು, 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ಗೇಣಿಗೆ ಉಳುವವರೆಂದು ಕಾಗದದಲ್ಲಿ ಯಾರ ಹೆಸರಿತ್ತೋ ಅವರದ್ದೇ ಹೊಲ. ನ್ಯಾಯವಾದ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲ ಹೋದವರ ಮನೆಗಳಲ್ಲಿ ಅದು ಬಿಟ್ಟುಹೋದ ಪಾಠ ಬೇರೆ: ಕಾಗದದ ಮೇಲೆ ಇನ್ನೊಬ್ಬರ ಹೆಸರು ಬರಬಾರದು. ಆ ಪಾಠವನ್ನು ಮಕ್ಕಳು, ಮೊಮ್ಮಕ್ಕಳು ಮನೆಗೂ ಅನ್ವಯಿಸಿಕೊಂಡಿದ್ದಾರೆ. ಬಾಡಿಗೆ ಕರಾರನ್ನು ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟರೆ ಮನೆಯೇ ಹೋದೀತು ಎಂದು ನಂಬುವವರು ಇಂದಿಗೂ ಇದ್ದಾರೆ. ವಕೀಲರು ಹೇಳಿದರೂ ನಂಬುವುದಿಲ್ಲ.

ಸೋಜಿಗವೆಂದರೆ, ಅವರು ಹೆದರುವ ಕಾನೂನು ಸತ್ತು ಎರಡು ದಶಕ ದಾಟಿದೆ. ಹಳೆಯ ಕಾಯ್ದೆಯ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಮಾಲಕರ ಕೈ ಬಹಳಷ್ಟು ಬಿಚ್ಚಿದ ಕಾಯ್ದೆ ಅದು. ಬಾಡಿಗೆ, ತೆರವಿನ ರಕ್ಷಣೆ ಅನುಸೂಚಿಯಲ್ಲಿ ಹೆಸರಿಸಿದ ಊರುಗಳಿಗೆ ಮಾತ್ರ. ಆ ಊರುಗಳಲ್ಲೂ, ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ, ಉಳಿದೆಡೆ 2,000 ಮೀರಿದರೆ ಕಾಯ್ದೆಯ ನೆರಳು ಇಲ್ಲ. ಹೊಸದಾಗಿ ಕಟ್ಟಿದ ಮನೆಗೆ ಹದಿನೈದು ವರ್ಷ ವಿನಾಯಿತಿ ಬೇರೆ. ಅಂಗಡಿಯಾದರೆ ಹದಿನಾಲ್ಕು ಚದರ ಮೀಟರಿನೊಳಗಿನ ಗೂಡಿಗಷ್ಟೇ ರಕ್ಷಣೆ.

ಈ 2,000ದ ಗೆರೆಯ ಪಕ್ಕದಲ್ಲಿ ಇನ್ನೊಂದು ಸರ್ಕಾರಿ ಅಂಕಿಯನ್ನು ಇಟ್ಟು ನೋಡಬೇಕು. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 27,000 ರೂಪಾಯಿ ಆಯಿತು. ಸಣ್ಣ ಊರುಗಳಿಗೆ ಮನೆ ಬಾಡಿಗೆ ಭತ್ಯೆ ಶೇ 7.5. ಲೆಕ್ಕ ಹಾಕಿದರೆ 2,025. ಅಂದರೆ ಕಚೇರಿಯಲ್ಲಿ ಎಲ್ಲರಿಗಿಂತ ಕೆಳಗಿನ ಹುದ್ದೆಯಲ್ಲಿರುವವರಿಗೆ ಸರ್ಕಾರವೇ ಕೊಡುವ ಬಾಡಿಗೆ ದುಡ್ಡು, ಸರ್ಕಾರದ ಕಾನೂನು ಕಾಪಾಡುವ ಬಾಡಿಗೆಗಿಂತ ಇಪ್ಪತ್ತೈದು ರೂಪಾಯಿ ಹೆಚ್ಚು! ಒಂದು ಇಲಾಖೆ ಬರೆದದ್ದನ್ನು ಇನ್ನೊಂದು ಇಲಾಖೆ ಓದುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ಸಿಗಲಿಕ್ಕಿಲ್ಲ.

ಗೆರೆಯ ಆಚೆ ಬಿದ್ದವರ ಗತಿ ಏನು? ಅವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯ ಮನೆಯಾದರೆ ಹದಿನೈದು ದಿನದ ನೋಟಿಸು ಸಾಕು ಎನ್ನುತ್ತದೆ ಅದರ 106ನೇ ಕಲಮು. ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು ಎನ್ನುತ್ತದೆ 107ನೇ ಕಲಮು. ಆ ಖರ್ಚು, ಆ ಓಡಾಟ ತಪ್ಪಿಸಲಿಕ್ಕೆಂದೇ ‘ಹನ್ನೊಂದು ತಿಂಗಳ ಕರಾರು’ ಎಂಬ ಪದ್ಧತಿ ದೇಶದ ತುಂಬ ಬೆಳೆದದ್ದು. ಹಾಗಾದರೆ ಮಾಲಕರು ಗೆದ್ದರೇ? ಅದೂ ಇಲ್ಲ. ಹದಿನೈದು ದಿನದ ನೋಟಿಸಿಗೆ ಬಾಡಿಗೆದಾರ ಏಳದಿದ್ದರೆ ಸಿವಿಲ್ ದಾವೆ ಹೂಡಬೇಕು. ತಾಲ್ಲೂಕು ಕೋರ್ಟು, ಮೇಲ್ಮನವಿ, ಆಮೇಲೆ ಕಲಬುರಗಿಯಲ್ಲೇ 2013ರಿಂದ ಕಾಯಂ ಆಗಿರುವ ಹೈಕೋರ್ಟ್ ಪೀಠ. ಕಾನೂನು ಬಾಡಿಗೆದಾರರಿಗೆ ಹಕ್ಕು ಕೊಟ್ಟಿಲ್ಲ, ಮಾಲಕರಿಗೆ ಬೇಗ ಪರಿಹಾರ ಕೊಟ್ಟಿಲ್ಲ. ಇಬ್ಬರೂ ಹೆದರಿಕೊಂಡೇ ಇರುವಂಥ ವ್ಯವಸ್ಥೆಯಲ್ಲಿ ಬಾಗಿಲಿಗೆ ಬೀಗ ಬೀಳದೆ ಇನ್ನೇನು?

ಬಾಯಿಮಾತಿನ ಬಾಡಿಗೆ

ಇಲ್ಲಿನ ಬಾಡಿಗೆ ವ್ಯವಹಾರ ಬಹುಪಾಲು ನಡೆಯುವುದು ಬಾಯಿಮಾತಿನಲ್ಲಿ. ಚಹಾ ಅಂಗಡಿಯಲ್ಲಿ ವಿಚಾರಣೆ, ಕಟ್ಟೆಯ ಮೇಲೆ ಮಾತುಕತೆ, ಕೈಗೆ ಅಡ್ವಾನ್ಸು. “ಯಾವ ಊರ್ರಿ ನಿಮ್ದು?” ಎಂಬ ಮೊದಲ ಪ್ರಶ್ನೆಯ ಬೆನ್ನಿಗೇ “ಯಾವ ಮಂದಿ?” ಎಂಬ ಎರಡನೆಯದು ಬರುತ್ತದೆ. ಉತ್ತರ ಒಗ್ಗದಿದ್ದರೆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಅಸ್ಪೃಶ್ಯತೆಯ ಕಾರಣಕ್ಕೆ ವಸತಿಗೆ ಅಡ್ಡಿ ಮಾಡುವುದನ್ನು ಶಿಕ್ಷಾರ್ಹ ಅಪರಾಧ ಎನ್ನುತ್ತದೆ. ಆದರೆ ‘ನಿನ್ನಿನೇ ಕೊಟ್ಟೇವ್ರಿ’ ಎಂಬ ಮಾತನ್ನು ಯಾವ ಠಾಣೆಯಲ್ಲಿ ಸುಳ್ಳೆಂದು ಸಾಬೀತು ಮಾಡುವುದು? ಮುಸ್ಲಿಂ ಶಿಕ್ಷಕರು, ದಲಿತ ನೌಕರರು, ಒಬ್ಬಂಟಿ ಹೆಣ್ಣುಮಕ್ಕಳು ಕಲಬುರಗಿ ಬಸ್ಸನ್ನೇ ನೆಚ್ಚಿಕೊಳ್ಳುವುದಕ್ಕೆ ಮಕ್ಕಳನ್ನು ಕಲಬುರಗಿಯ ಶಾಲೆಯಲ್ಲಿ ಓದಿಸುವುದೊಂದೇ ಕಾರಣವಲ್ಲ.

ಕರಾರು ಲಿಖಿತವಾಗಿರಬೇಕು ಎಂದು 1999ರ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಬಾಡಿಗೆ ಪಡೆದವರು ರಸೀದಿ ಕೊಡಬೇಕು, ನೀರು ಕರೆಂಟು ಕಡಿದು ಬಾಡಿಗೆದಾರರನ್ನು ಓಡಿಸಬಾರದು ಎಂದೂ ಹೇಳುತ್ತದೆ. ಬರೆಯದಿದ್ದರೆ ಏನಾಗುತ್ತದೆ ಎಂಬಲ್ಲಿ ಮಾತ್ರ ನಮ್ಮ ಕಾಯ್ದೆಯ ಪಟ್ಟು ಸಡಿಲ. ಆಳಂದ, ಅಫಜಲಪುರದ ಗಡಿ ದಾಟಿದರೆ ಸಿಗುವ ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಕನ್ನಡ ಮಾತಾಡುವ ಅದೇ ಜನರ ನಡುವೆ, ಕಾನೂನು ಬೇರೆಯಾಗುತ್ತದೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು ಬರೆದು ನೋಂದಾಯಿಸುವ ಹೊಣೆ ಮಾಲಕರದ್ದು. ನೋಂದಣಿಯಾದ ಕರಾರು ಇಲ್ಲದಿದ್ದರೆ, ಬೇರೆ ಸಾಕ್ಷಿ ಸಿಗುವವರೆಗೆ ಬಾಡಿಗೆದಾರ ಹೇಳಿದ ಷರತ್ತೇ ಷರತ್ತು. ತಪ್ಪಿದ ಮಾಲಕರಿಗೆ ಜೈಲು ಅಥವಾ ದಂಡ. ಒಂದೇ ಒಂದು ಕಲಮು, ಆದರೆ ಕಾಗದಕ್ಕೆ ಹೆದರುವವರು ಯಾರು ಎಂಬುದನ್ನೇ ಅದು ತಿರುಗಿಸಿಬಿಡುತ್ತದೆ: ಬರೆದರೆ ಕಷ್ಟ ಎನ್ನುತ್ತಿದ್ದ ಮಾಲಕರು ಬರೆಯದಿದ್ದರೆ ಕಷ್ಟ ಎನ್ನತೊಡಗುತ್ತಾರೆ. ಮುಂಬಯಿಯ ಹಳೆಯ ಚಾಳುಗಳ ಬಾಡಿಗೆಯನ್ನು ದಶಕಗಟ್ಟಲೆ ಕಟ್ಟಿಹಾಕಿ ಕೈಸುಟ್ಟುಕೊಂಡ ರಾಜ್ಯವದು. ಬಾಡಿಗೆಯನ್ನು ಹೀಗೆ ಹಳೆಯ ಮಟ್ಟದಲ್ಲೇ ನಿಲ್ಲಿಸಿಡುವುದು ನ್ಯಾಯವಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆ ಪಾಠದಿಂದ ಅವರು ತೆಗೆದ ಒಳ್ಳೆಯ ಎಳೆ ಈ 55ನೇ ಕಲಮು. ನಮ್ಮ ಶಾಸಕರು ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋದಾಗ ಅದನ್ನೂ ಒಂದಿಷ್ಟು ಕೇಳಿಕೊಂಡು ಬರಬಹುದು.

ಕಾಗದವಿಲ್ಲದ ಬಾಡಿಗೆದಾರ ಸರ್ಕಾರದ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಾದದ್ದು ಗೃಹಜ್ಯೋತಿಯ ಕಾಲಕ್ಕೆ. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟದ್ದು ಕಲಬುರಗಿಯಲ್ಲೇ. ಬಾಡಿಗೆದಾರರಿಗೂ ಉಂಟು ಎಂದಾಯಿತು, ಒಳ್ಳೆಯದಾಯಿತು. ಆದರೆ ಆ ಮನೆಯಲ್ಲಿ ಇರುವುದಕ್ಕೆ ದಾಖಲೆ? ಬಾಡಿಗೆ ಕರಾರೋ ಆ ವಿಳಾಸದ ಮತದಾರರ ಚೀಟಿಯೋ ಬೇಕು. ಬಾಯಿಮಾತಿನಲ್ಲಿ ಮನೆ ಹಿಡಿದವರ ಬಳಿ ಎರಡೂ ಇರಲಿಲ್ಲ. ಮಾಲಕರ ಬಳಿ ಹೋಗಿ ‘ಒಂದು ಕರಾರು ಮಾಡಿಕೊಡ್ರಿ’ ಎಂದವರಿಗೆ ಮನೆ ಖಾಲಿ ಮಾಡುವ ಮಾತು ಕೇಳಿಬರುವ ಭಯ. ಇನ್ನು, ಒಂದೇ ಮೀಟರಿನಲ್ಲಿ ನಾಲ್ಕು ಖೋಲಿ ನಡೆಯುವ ಕಡೆ ಒಂದೇ ಆರ್.ಆರ್. ನಂಬರು, ಒಂದೇ ಆಧಾರ್. ನಾಲ್ಕು ಕುಟುಂಬ ಸೇರಿ 200 ದಾಟಿದರೆ ಇಡೀ ಬಿಲ್ಲು ತಲೆಯ ಮೇಲೆ. ಮನೆ ಬದಲಿಸಿದವರ ಆಧಾರ್ ಹಳೆಯ ಮೀಟರಿಗೇ ಅಂಟಿಕೊಂಡು, ಅದನ್ನು ಬಿಡಿಸುವ ಸೌಲಭ್ಯ ಬರಲು 2024 ಆಗಬೇಕಾಯಿತು. ಯೋಜನೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಂದು ಮನೆ, ಒಂದು ಮೀಟರು, ಒಬ್ಬ ಯಜಮಾನ.

ಮಾಲಕರು ಬರೆದುಕೊಡದಿರಲು ಇನ್ನೊಂದು ಕಾರಣವಿದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಊರಂಚಿನ ಎಷ್ಟೋ ಮನೆಗಳು ಎನ್.ಎ. (ಕೃಷಿಯೇತರ) ಆಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಕೊಂಡ ಜಾಗದಲ್ಲಿವೆ. ಸರಿಯಾದ ಖಾತೆಯಿಲ್ಲ, ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಹೆಸರಿಲ್ಲ. ತಮ್ಮದೇ ಕಾಗದ ಪಕ್ಕಾ ಇಲ್ಲದವರು ಇನ್ನೊಬ್ಬರಿಗೆ ಏನು ಬರೆದುಕೊಟ್ಟಾರು?

ಮೂರು ಊರು, ಮೂರು ಬಗೆ

ಆಳಂದ ರಸ್ತೆಯ ಕಡಗಂಚಿಯನ್ನು ನೋಡಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಮೊದಲು ಕಲಬುರಗಿಯಲ್ಲಿ ನಡೆದು ಆಮೇಲೆ ಈ ತೊಗರಿ ಹೊಲಗಳ ನಡುವಿನ ಕ್ಯಾಂಪಸ್ಸಿಗೆ ಬಂತು. ಬೇರೆ ಬೇರೆ ರಾಜ್ಯಗಳ ವಿದ್ಯಾರ್ಥಿಗಳು, ಅಧ್ಯಾಪಕರು, ಹೊರಗುತ್ತಿಗೆಯ ಸಿಬ್ಬಂದಿ. ಕ್ಯಾಂಪಸ್ಸಿನಲ್ಲಿ ಜಾಗ ಸಿಗದವರಿಗೆ ಖೋಲಿ ಬೇಕು. ಹಳ್ಳಿಗೆ ಇದು ಹೊಸ ಆದಾಯ, ಬೇಡವೆನ್ನುವವರು ಯಾರು? ಆದರೆ ಕಾನೂನಿನ ಕಣ್ಣಲ್ಲಿ ಆ ಖೋಲಿ ಹೊಸ ಕಟ್ಟಡ, ಇರುವುದು ಹಳ್ಳಿಯಲ್ಲಿ, ಬಾಡಿಗೆ ಗೆರೆ ದಾಟಿದ್ದು. ಅಲ್ಲಿರುವ ವಿದ್ಯಾರ್ಥಿಗೆ ಬಾಡಿಗೆ ಕಾಯ್ದೆಯ ರಕ್ಷಣೆ ಯಾವ ದಾರಿಯಿಂದಲೂ ಸಿಗುವುದಿಲ್ಲ. ಪರೀಕ್ಷೆ ಹತ್ತಿರವಿರುವಾಗ ಹದಿನೈದು ದಿನದ ನೋಟಿಸು ಬಂದರೂ ಖಾಲಿ ಮಾಡಬೇಕು.

ಅಫಜಲಪುರ ತಾಲ್ಲೂಕಿನಲ್ಲಿ ಗಾಣಗಾಪುರವಿದೆ. ಭೀಮಾ, ಅಮರ್ಜಾ ನದಿಗಳು ಕೂಡುವ ದತ್ತಕ್ಷೇತ್ರ. ಹುಣ್ಣಿಮೆಗೆ, ದತ್ತ ಜಯಂತಿಗೆ ಮಹಾರಾಷ್ಟ್ರದಿಂದ ಬರುವ ಭಕ್ತರಿಗೆ ಲೆಕ್ಕವಿಲ್ಲ. ಸೇವೆಗೆಂದು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವವರೂ ಇದ್ದಾರೆ. ದಿನದ ಬಾಡಿಗೆ ಹುಟ್ಟುವ ಊರಿನಲ್ಲಿ ತಿಂಗಳ ಬಾಡಿಗೆಯ ಟೀಚರು ಯಾರಿಗೆ ಬೇಕು? ಅದೇ ತಾಲ್ಲೂಕಿನ ಹವಳಗಾದಲ್ಲಿ ರೇಣುಕಾ ಸಕ್ಕರೆ ಕಾರ್ಖಾನೆ, ಆಳಂದದ ಕಡೆ ಭೂಸನೂರಿನಲ್ಲಿ ಇನ್ನೊಂದು. ಕಬ್ಬು ನುರಿಸುವ ತಿಂಗಳುಗಳಲ್ಲಿ ಕಡಿಯುವ ಗ್ಯಾಂಗುಗಳು ಜೋಪಡಿ ಹಾಕಿಕೊಂಡು ಇರುತ್ತವೆ, ಕೂಸುಗಳು ಗಾಡಿಯ ನೆರಳಲ್ಲಿ ಮಲಗಿರುತ್ತವೆ. ವರ್ಷಾ ವರ್ಷಾ ಬರುವ ಜನ, ವರ್ಷಾ ವರ್ಷಾ ಅದೇ ಜೋಪಡಿ. ಇವರು ಬಾಡಿಗೆದಾರರೂ ಅಲ್ಲ.

ಜೇವರ್ಗಿಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ದಾರಿಯ ಬದಿ ಜಾಗವೆಲ್ಲ ಅಂಗಡಿ, ಢಾಬಾ, ಗ್ಯಾರೇಜಿಗೆ. ಪಕ್ಕದಲ್ಲಿ ಭೀಮಾ. 2020ರ ಅಕ್ಟೋಬರಿನಲ್ಲಿ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳು ಕಾಳಜಿ ಕೇಂದ್ರ ಸೇರಿದವು. ನೆರೆ ಪರಿಹಾರದಲ್ಲಿ ಬಿದ್ದ ಮನೆಯ ದುಡ್ಡು ಮನೆಯ ಯಜಮಾನರಿಗೆ, ಪಾತ್ರೆಪಗಡೆ ಬಟ್ಟೆಬರೆಯ ದುಡ್ಡು ಅಲ್ಲಿ ವಾಸವಿದ್ದವರಿಗೆ. 2019ರ ನೆರೆಗೆ ರಾಜ್ಯ ನಿಗದಿ ಮಾಡಿದ ಮೊತ್ತ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಪಾತ್ರೆಪಗಡೆಗೆ 10 ಸಾವಿರ. ಬಿದ್ದ ಮನೆಯಲ್ಲಿ ಬಾಡಿಗೆಗಿದ್ದವರು ಆ ಹತ್ತು ಸಾವಿರದಲ್ಲಿ ಅಡ್ವಾನ್ಸು ಕೊಟ್ಟು ಬೇರೆ ಮನೆ ಹಿಡಿಯಬೇಕು.

ಸರ್ಕಾರದ ಉತ್ತರ ಯಾವಾಗಲೂ ಒಂದೇ: ಸ್ವಂತ ಮನೆ. ಬಸವ ವಸತಿ ಯೋಜನೆಯಲ್ಲಿ 1.20 ಲಕ್ಷ, ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ. ಸ್ವಂತ ಜಾಗ ಮೊದಲೇ ಇರಬೇಕು, ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಬರಬೇಕು. ಆ ಪಟ್ಟಿಯ ಕತೆ ರಾಜ್ಯಕ್ಕೆಲ್ಲ ಕೇಳಿಸಿದ್ದು 2025ರ ಜೂನ್‌ನಲ್ಲಿ. ದುಡ್ಡು ಕೊಟ್ಟವರಿಗೆ ಮನೆ ಮಂಜೂರಾಗುತ್ತಿದೆ ಎಂದು ಆಡಳಿತ ಪಕ್ಷದವರೇ ಆದ ಆಳಂದದ ಶಾಸಕ ಬಿ.ಆರ್. ಪಾಟೀಲರು, ವಸತಿ ಸಚಿವರ ಆಪ್ತ ಕಾರ್ಯದರ್ಶಿಯೊಂದಿಗೆ ಫೋನಿನಲ್ಲಿ ಆಡಿದ ಮಾತು ಹೊರಬಿತ್ತು. ಸಚಿವ ಜಮೀರ್ ಅಹ್ಮದ್ ಖಾನ್ ಆರೋಪವನ್ನು ಅಲ್ಲಗಳೆದರು. ಸತ್ಯ ಯಾರ ಕಡೆಗಿರಲಿ, ಆ ಜಗಳದಲ್ಲಿ ಬಾಡಿಗೆ ಎಂಬ ಶಬ್ದ ಸುಳಿಯಲಿಲ್ಲ. ಇಂದು ಇಲ್ಲಿ, ನಾಳೆ ಸೇಡಂನಲ್ಲಿ ಕೆಲಸ ಮಾಡುವ ನೌಕರರಿಗೆ, ಓದಲು ಬಂದ ಹುಡುಗಿಗೆ, ಹಳ್ಳಿ ಬಿಟ್ಟು ತಾಲ್ಲೂಕು ಊರಿಗೆ ಬಂದ ವಿಧವೆಗೆ ಸ್ವಂತ ಮನೆಯ ಮಂಜೂರಾತಿಯಿಂದ ಏನಾಗಬೇಕು? ಅವರಿಗೆ ಬೇಕಾದದ್ದು ತಿಂಗಳ ಕೊನೆಗೆ ಕೊಡಲಾಗುವಂಥ ಬಾಡಿಗೆಯ ಎರಡು ಖೋಲಿ, ಒಂದು ನಳ.

ಹಾಗೆ ನೋಡಿದರೆ ಸರ್ಕಾರವೇ ದೊಡ್ಡ ಬಾಡಿಗೆದಾರ. ವಿದ್ಯಾರ್ಥಿನಿಲಯ, ಅಂಗನವಾಡಿ, ಹೊಸ ಕಚೇರಿ ಎಷ್ಟೋ ಕಡೆ ಬಾಡಿಗೆ ಕಟ್ಟಡದಲ್ಲೇ ನಡೆಯುತ್ತವೆ; ಜೇವರ್ಗಿಯಿಂದ ಒಡೆದು ಯಡ್ರಾಮಿ ತಾಲ್ಲೂಕು ಆದಂತೆ ಪ್ರತಿ ಹೊಸ ತಾಲ್ಲೂಕೂ ಕಟ್ಟಡ ಹುಡುಕಬೇಕು. ತಾನು ಬಾಡಿಗೆಗೆ ಹೋಗುವಾಗ ಸರ್ಕಾರ ಲೋಕೋಪಯೋಗಿ ಇಲಾಖೆಯಿಂದ ದರ ಗೊತ್ತುಮಾಡಿಸಿ, ಕರಾರು ಬರೆಸಿ, ಅವಧಿ ನಮೂದಿಸಿಯೇ ಹೋಗುತ್ತದೆ. ಅದೇ ಕಟ್ಟಡದ ಹಿಂದಿನ ಖೋಲಿಯಲ್ಲಿರುವ ಕಾವಲುಗಾರರಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಈ ಸೀಮೆಯ ಜನ ದೂರದ ನಗರಗಳಿಗೆ ಗುಳೆ ಹೋದರೆ ಅಲ್ಲಿಯೂ ಕಾಗದವಿಲ್ಲದ ಬಾಡಿಗೆದಾರರೇ. ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ತಗಡು, ತಾಡಪತ್ರಿಯ ಶೆಡ್ಡುಗಳಿಗೆ ಬಾಡಿಗೆ ಕೊಟ್ಟುಕೊಂಡಿದ್ದ ಕೂಲಿಗಳ ವಸತಿಯನ್ನು 2020ರ ಜನವರಿಯಲ್ಲಿ ಬಾಂಗ್ಲಾದವರು ಎಂಬ ಗುಲ್ಲಿನ ಮೇಲೆ ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ತೆರವು ಕಾನೂನುಬಾಹಿರ ಎಂದು ಹೈಕೋರ್ಟು ಹೇಳಿತು. ಕೈಯಲ್ಲಿ ಒಂದು ಬಾಡಿಗೆ ಚೀಟಿ ಇದ್ದಿದ್ದರೆ ತಾವು ಯಾರು, ಎಲ್ಲಿಯವರು ಎಂದು ಜೆಸಿಬಿಯ ಮುಂದೆ ನಿಂತು ಹೇಳಬೇಕಾದ ಪ್ರಸಂಗ ಬರುತ್ತಿರಲಿಲ್ಲವೇನೋ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ಕೇಳುವಂತಿಲ್ಲ, ಕರಾರು ಲಿಖಿತವಾಗಿರಬೇಕು, ತಕರಾರಿಗೆ ಬೇರೆಯೇ ಬಾಡಿಗೆ ಪ್ರಾಧಿಕಾರ ಮತ್ತು ನ್ಯಾಯಾಲಯ. ಬಾಡಿಗೆ ರಾಜ್ಯದ ವಿಷಯವಾದ್ದರಿಂದ ರಾಜ್ಯಗಳು ಒಪ್ಪಿ ಕಾಯ್ದೆ ಮಾಡಿಕೊಂಡರಷ್ಟೇ ಜಾರಿ. ತಮಿಳುನಾಡು ಇಂಥದೇ ಕಾಯ್ದೆಯನ್ನು 2019ರಲ್ಲೇ ಜಾರಿಗೆ ತಂದಿತ್ತು. ಮಾದರಿ ಕಾಯ್ದೆ ಮಾಲಕರ ಕಡೆ ವಾಲಿದೆ ಎಂಬ ಟೀಕೆಯಲ್ಲಿ ಹುರುಳಿದೆ: ಬಾಡಿಗೆ ಎಷ್ಟಿರಬೇಕೆಂಬ ಮಾತನ್ನೇ ಅದು ಎತ್ತುವುದಿಲ್ಲ. ಆದರೂ ತಾಲ್ಲೂಕು ಮಟ್ಟದಲ್ಲಿ ಅರವತ್ತು ದಿನದೊಳಗೆ ತಕರಾರು ಮುಗಿಸುವ ಒಂದು ಕಟ್ಟೆ ಇದ್ದರೆ ಬೀಗ ಬಿದ್ದ ಬಾಗಿಲುಗಳಲ್ಲಿ ಕೆಲವಾದರೂ ತೆರೆಯುತ್ತವೆ ಎಂದು ನನಗನ್ನಿಸುತ್ತದೆ. ಬಾಡಿಗೆ ಇಳಿಸಲು ಹಳೆಯ ನಿಯಂತ್ರಣಕ್ಕೆ ಮರಳುವುದು ಬೇಡ. ಅದರಿಂದ ಇನ್ನಷ್ಟು ಬೀಗ ಬೀಳುತ್ತವೆ. ಬಾಡಿಗೆ ಇಳಿಯಬೇಕೆಂದರೆ ಖೋಲಿಗಳು ಹೆಚ್ಚಬೇಕು, ಹೆಚ್ಚಿಸಲು ಕಡಿಮೆ ಬಾಡಿಗೆಯ ಮನೆಗಳನ್ನು ಸರ್ಕಾರವೇ ಕಟ್ಟಬೇಕು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ನಗರ ವಸತಿ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ವಸತಿಗೆ ಬೇರೆ ವಿಭಾಗವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿಯ ಘೋಷಣೆಯಿದೆ, 2023ರಲ್ಲಿ ಅದರ ಅಧ್ಯಕ್ಷರಾದವರು ಜೇವರ್ಗಿಯ ಶಾಸಕ ಅಜಯ್ ಸಿಂಗ್. ಮೂರು ತಾಲ್ಲೂಕು ಕೇಂದ್ರಗಳಲ್ಲಿ ಉದ್ಯೋಗಸ್ಥ ಮಹಿಳೆಯರಿಗೆ ಒಂದೊಂದು ವಸತಿ ನಿಲಯ, ಒಂದೊಂದು ಸಾಲು ಬಾಡಿಗೆ ಮನೆ ಕಟ್ಟಲು ಇಷ್ಟು ದುಡ್ಡು ಸಾಲದೆಂದು ಯಾರೂ ಹೇಳಲಾರರು.

ಅಷ್ಟರವರೆಗೆ, ಬಾಡಿಗೆಗಿರುವ ಓದುಗರಿಗೆ ಒಂದು ಮಾತು. ಬಾಡಿಗೆಯನ್ನು ಕೈಗೆ ಕೊಡದೆ ಫೋನಿನಲ್ಲಿ ಕಳಿಸಿ, ಯಾವ ಮನೆಯದು, ಯಾವ ತಿಂಗಳದ್ದು ಎಂದು ಅಲ್ಲೇ ಬರೆಯಿರಿ. ಕೋರ್ಟಿಗೆ ಅದೂ ದಾಖಲೆಯೇ. ಕೈಗೇ ಕೊಡುವುದಾದರೆ ರಸೀದಿ ಕೇಳಿ. ಎಬ್ಬಿಸುತ್ತೇವೆಂದು ನೀರು, ಕರೆಂಟು ಕಡಿದರೆ ಓಣಿಯ ಹಿರಿಯರ ಪಂಚಾಯಿತಿಗೇ ಬಿಟ್ಟು ಕೂಡಬೇಡಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿಯ ನಂಬರು 15100.